ಅರಿಸಿನವೂ ಗುರುತೇ

14 ಅಕ್ಟೋಬರ್ 2003, ಮಂಗಳವಾರ

ಎಷ್ಟು ತೊಳೆದರೂ ಉಗುರಿನ ಅರಿಸಿನ ಹೋಗುತ್ತಿಲ್ಲ!

ಸರ್ಕಾರಿ ಶಾಲೆಗಳಿಗೆ ಬೆಂಚು ಮಾಡಿಕೊಡುವ ಟೆಂಡರ್. ವೇಲಚೇರಿಯ ನಮ್ಮ ಪುಟ್ಟ ವರ್ಕ್‌ಶಾಪಿಗೆ ಸ್ವಂತ ಹೆಸರಿನಲ್ಲಿ ಸಿಗಬಹುದಾಗಿದ್ದ ಮೊದಲ ಕೆಲಸ. ಇಂಗ್ಲಿಷ್ ನಿಯಮಗಳನ್ನೆಲ್ಲ ಓದಿ ಟೆಂಡರ್ ತುಂಬಿದವಳು ನಾನೇ. ಕವರಿನ ಮೇಲೆ ಗುರುತು ಇರಬಾರದೆಂಬ ಸಾಲನ್ನೂ ಓದಿದ್ದೆ. ಸೀಲು ಮಾಡಿದ ಮೇಲೆ, ನಮ್ಮ ಮದುವೆಯ ಕರೆಯೋಲೆಗಳಿಗೆ ಹಚ್ಚಿದ ಹಾಗೆ, ನಾಲ್ಕು ಮೂಲೆಗೂ ಅರಿಸಿನ ಹಚ್ಚಿದೆ. ಎಷ್ಟು ಮುದ್ದಾಗಿತ್ತು! ಅದು ಗುರುತೆಂದು ಹೊಳೆಯಲೇ ಇಲ್ಲ.

ಇವತ್ತು ಎಗ್ಮೋರಿನ ಆಫೀಸಿನಲ್ಲಿ ಎಲ್ಲರೆದುರು ಕವರುಗಳನ್ನು ತೆರೆದರು. ಹಣೆತುಂಬ ವಿಭೂತಿಯ ಅಧಿಕಾರಿ ನಮ್ಮದನ್ನು ಎತ್ತಿ, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಒಡೆಯದೆ ಪಕ್ಕಕ್ಕಿಟ್ಟರು.

“ಕವರ್ ಮೇಲೆ ಗುರುತು ಇರಕ್ಕೂಡಾದಮ್ಮಾ. ರೂಲ್ಸ್.”

ಕೆಲಸ ಪ್ರತಿ ವರ್ಷದ ದೊಡ್ಡ ಕಂಟ್ರಾಕ್ಟರಿಗೇ ಹೋಯಿತು. ಮೆಟ್ಟಿಲಿನಲ್ಲಿ ಆತ ನನ್ನ ಗಂಡ ಶಿವರಂಜನ್ ಅವರ ಹೆಗಲು ತಟ್ಟಿದ. “ಬೆಂಚೆಲ್ಲ ನೀನೇ ಮಾಡಿಕೊಡು ತಂಬಿ, ಯಾವಾಗಲೂ ಹಾಗೇ ತಾನೆ?” ನಮ್ಮ ಕೈ, ಅವನ ಹೆಸರು.

ಶಿವರಂಜನ್ ಬೈಯಲಿಲ್ಲ. ಬಸ್ಸಿನಲ್ಲಿ, “ಶಾಸ್ತ್ರವಂತೂ ಚೆನ್ನಾಗೇ ಆಯ್ತು ಬಿಡು, ಪೂರ್ಣಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆ ಮನುಷ್ಯ ಕಣ್ಣಿಗೊತ್ತಿಕೊಳ್ಳದೆ ಸುಮ್ಮನೆ ಎಸೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ, ಆದರೆ ಕಣ್ಣಿಗೊತ್ತಿಕೊಂಡು…