ಮರಕುಟಿಗ ಉತ್ತರ ಕೊಟ್ಟದ್ದು ಯಾರಿಗೆ

ಮಾರ್ಚ್ 9, ಸೋಮವಾರ.

ಹೊಟ್ಟೆ ಉರಿಯುತ್ತಿದೆ, ಸುಳ್ಳೇಕೆ ಹೇಳಲಿ. ಒಣಮರಕ್ಕೆ ಕೋಲು ಬಡಿದು ಬೆಟ್ಟದ ಮರಕುಟಿಗವನ್ನು ಮಾತಾಡಿಸುವುದನ್ನು ತಮ್ಮನಿಗೆ ಕಲಿಸಿದವಳೇ ನಾನು. ಇಂದು ಹಕ್ಕಿ ಗಣತಿಯಲ್ಲಿ ಮೂರು ಸಲ ಬಡಿದೆ, ಮೂರು ಸಲವೂ "ಇಲ್ಲ" ಎಂದೆ. ಅವನು ಒಮ್ಮೆ ಬಡಿದು "ಇದೆ" ಎಂದ. ಗಣತಿಯ ಮೇಡಂ ತಲೆಯಾಡಿಸಿ, "ಬರೋ ವರ್ಷದಿಂದ ನೀವೇ ಬನ್ನಿ" ಎಂದು ಅವನಿಗೆ ಹೇಳಿದರು.

ಇಳಿಯುವ ದಾರಿಯುದ್ದಕ್ಕೂ ಉಗಿದೆ. "ಗುರುವಿಗೇ ತಿರುಮಂತ್ರ ಹಾಕ್ತೀಯೇನೋ, ಕಳ್ಳ?"

ಅವನು ನಿಂತು ಮೆಲ್ಲಗೆ ಹೇಳಿದ: "ಅಕ್ಕ, ನೀನು ಬಡಿದಾಗ್ಲೂ ಅದು ಉತ್ತರ ಕೊಡ್ತು. ಮೂರು ಸಲಾನೂ. ನಿಂಗೇ ಕೇಳಿಸ್ಲಿಲ್ಲ."

ಮುಂಡೇದು, ಬಾಯಿ ಮುಚ್ಚಿಕೊಂಡಿರಬಾರದಿತ್ತೇ? ಅವನನ್ನು ಬೈದುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದೆ. ಈಗ ಅವನ ಕಿವಿಯ ಮೇಲೆ ಹೊಟ್ಟೆಕಿಚ್ಚು. ಅದಕ್ಕೆ ಯಾರನ್ನು ಬೈಯಲಿ, ನನ್ನ ಮಂದ ಕಿವಿಯನ್ನೇ?