ಕೆಟ್ಟದಾಗಿ ಸುತ್ತಬೇಕಿದ್ದ ಮೋಟಾರ್

ಮುಳಬಾಗಿಲು,
೨೩ ಮೇ ೨೦೨೫, ಶುಕ್ರವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮೊಣಕಾಲಿನ ನೋವು ಕಡಿಮೆಯಾಯಿತೇ? ಪಂಪಿನ ಪೆಟ್ಟಿಗೆಗಳನ್ನು ಬಗ್ಗಿ ಎತ್ತಬೇಡ, ಕೂತು ಎತ್ತು ಎಂದು ಅಮ್ಮ ಹೇಳಿದ್ದಾಳೆ. ಕೊಯಮತ್ತೂರಿನಲ್ಲಿ ರಾಗಿ ಹಿಟ್ಟು ಸಿಗದಿದ್ದರೆ ತಿಳಿಸು, ಟೊಮೆಟೊ ಲಾರಿಯವರ ಕೈಯಲ್ಲಿ ಕಳಿಸುತ್ತೇವೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಮ್ಮನ ಕೆಮ್ಮು ಹೋಗಿದೆ. ಉಮೇಶ ಚಿಕ್ಕಪ್ಪ ಹೊಸ ಕನ್ನಡಕ ಹಾಕಿಸಿಕೊಂಡಿದ್ದಾನೆ. ಹಾಕಿಕೊಂಡ ಮೇಲೆ ಅಂಗಡಿಯಲ್ಲಿ ಇಷ್ಟೊಂದು ಧೂಳಿದೆಯೆಂದು ಗೊತ್ತಾಗಿ ನನ್ನನ್ನು ಬೈಯುತ್ತಾನೆ. ಇಷ್ಟನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು "ಊಟ ಆಯ್ತಾ? ಸರಿ, ಇಡ್ತೀನಮ್ಮಾ" ಎನ್ನುತ್ತೀಯ, ನಾನು "ಹೂಂ" ಎನ್ನುತ್ತೇನೆ, ಅಲ್ಲಿಗೆ ಮುಗಿಯಿತು. ಮಾತಿನಲ್ಲಿ ನಾವಿಬ್ಬರೂ ಒಂದೇ. ಐದನೇ ತರಗತಿಗೆ ಓದು ನಿಂತ ಕೈ ಇದು, ಆದರೂ ನನ್ನ ಬಾಯಿಗಿಂತ ಇದಕ್ಕೇ ಧೈರ್ಯ ಹೆಚ್ಚು. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು, ಒಳ್ಳೆಯ ಸುದ್ದಿಯಿದೆ.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಮೂರು ವರ್ಷದ ಕೆಳಗೆ ಬೈರಕೂರಿನ ಮುತ್ಯಾಲಮ್ಮ ನಮ್ಮ ಅಂಗಡಿಯ ಮುಂದೆ ಕೂಗಾಡಿದ ದಿನ ನಾನು ಮನೆಗೆ ಹೋಗಿದ್ದೆ ಎಂದು ನೀನು ತಿಳಿದಿದ್ದೀಯ. ಹೋಗಿರಲಿಲ್ಲ. ಅಂಗಡಿಯೊಳಗಿನ ಪರದೆಯ ಹಿಂದೆ ಮೋಟಾರಿನ ತಾಮ್ರದ ಸುರುಳಿ ಸುತ್ತುತ್ತಾ ಕೂತಿದ್ದೆ, ಎಲ್ಲವನ್ನೂ ಕೇಳಿಸಿಕೊಂಡೆ. ನೀನು ಸುತ್ತಿಕೊಟ್ಟ ಮೋಟಾರ್ ಹದಿನೇಳೇ ದಿನಕ್ಕೆ ಸುಟ್ಟುಹೋಯಿತೆಂದು, ಹೊಂಡದ ತುಂಬ ನೀರಿದ್ದೂ ಅವಳ ಟೊಮೆಟೊ ಬಾಡಿತೆಂದು, "ಶ್ರೀರಾಮಪ್ಪನ ಕೈ ಕೆಟ್ಟೋಗಿದೆ ಕಣ್ರಪ್ಪೋ, ಇನ್ಮೇಲೆ ಯಾರೂ ಇಲ್ಲಿಗೆ ಮೋಟಾರ್ ತರಬ್ಯಾಡಿ" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನೀನು ಒಂದೇ ಮಾತು ಹೇಳಿದೆ: "ಮೋಟಾರ್ ತಂದ್ಕೊಡಮ್ಮ, ಬಿಚ್ಚಿ ನೋಡ್ತೀನಿ." ಅದಕ್ಕವಳು, "ಮತ್ತೆ ನಿನ್ನ ಕೈಗಾ? ನಮ್ಮ ಕೊಟ್ಟಿಗೇಲೇ ತುಕ್ಕು ಹಿಡೀಲಿ ಬಿಡು" ಎಂದು ಆಟೋ ಹತ್ತಿದಳು. ಗಿರಾಕಿಗಳು ಹೋದದ್ದು ನನಗೆ ದುಃಖವಲ್ಲ ಅಪ್ಪಾ. ಮೋಟಾರ್ ಬಿಚ್ಚಿ ನೋಡದೆಯೇ ನೀನೂ ನಿನ್ನ ಕೈಯನ್ನು ಅನುಮಾನಿಸಿದೆಯಲ್ಲ, ಅದೇ ದುಃಖ. ಆ ದಿನದಿಂದ ನೀನು ತಂತಿ ಮುಟ್ಟಲಿಲ್ಲ. ಸುತ್ತುವವನು ಹೋಗಿ ಪರವೂರಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೀಯ. ಆ ಕೈ ಮತ್ತೆ ತಂತಿ ಹಿಡಿಯಬೇಕು ಎಂಬುದೊಂದೇ ನನ್ನ ಆಸೆ. ಈ ಕಾಗದವೆಲ್ಲ ಅದಕ್ಕೇ.

ಜನವರಿಯಲ್ಲಿ ಕೋಲಾರದ ಕಡೆಯ ಇಂಜಿನಿಯರಿಂಗ್ ಕಾಲೇಜಿನಿಂದ ಇಬ್ಬರು ಅಂಗಡಿಗೆ ಬಂದರು. ಹುಡುಗಿಯ ಹೆಸರು ಪದ್ಮಶ್ರೀ, ರಾಯಲ್ಪಾಡಿನವಳು, ಎಲೆಕ್ಟ್ರಿಕಲ್ ಓದುವವಳು. ಹುಡುಗ ವೆಂಕಟ್, ಕಂಪ್ಯೂಟರಿನವನು. ಕೊನೆಯ ವರ್ಷದಲ್ಲಿ ಅವರೆಲ್ಲ ಏನಾದರೊಂದು ಹೊಸದನ್ನು ತಮ್ಮ ಕೈಯಾರೆ ಮಾಡಿ ತೋರಿಸಬೇಕಂತೆ, ಅದಕ್ಕೆ ಪ್ರಾಜೆಕ್ಟ್ ಎನ್ನುತ್ತಾರೆ. ಅದರಲ್ಲಿ ಪಾಸಾಗದಿದ್ದರೆ ಇನ್ನೊಂದು ವರ್ಷ ಕಾಯಬೇಕು. ಇವರು ಮಾಡುತ್ತಿದ್ದದ್ದು, ಮೋಟಾರ್ ಸುಡುವುದಕ್ಕೆ ಮೊದಲೇ ಎಚ್ಚರಿಸುವ ಒಂದು ಪೆಟ್ಟಿಗೆ. ಊಟದ ಡಬ್ಬಿಯಷ್ಟೇ ದೊಡ್ಡದು. ಮೋಟಾರಿನ ಮೂರು ತಂತಿಗಳಿಗೆ ಮೂರು ಬಳೆ ತೊಡಿಸಿದರೆ ಒಳಗೆ ಹರಿಯುವ ಕರೆಂಟನ್ನು ಅದು ಓದುತ್ತದೆ. ಎಲ್ಲ ಸರಿಯಿದ್ದರೆ ಹಸಿರು ದೀಪ, ಸುರುಳಿಯಲ್ಲಿ ದೋಷವಿದ್ದರೆ ಕೆಂಪು, ಕಂಬದಿಂದ ಬರುವ ಮೂರು ಲೈನುಗಳಲ್ಲಿ ದೋಷವಿದ್ದರೆ ಹಳದಿ. ಪೆಟ್ಟಿಗೆ ಸಿದ್ಧವಾಗಿತ್ತು, ಆದರೆ ಪರೀಕ್ಷೆ ಮಾಡಲು ದೋಷವಿರುವ ಮೋಟಾರ್ ಬೇಕಿತ್ತು. ಅದಕ್ಕೆ ಪದ್ಮಶ್ರೀ ಚಿಕ್ಕಪ್ಪನಿಗೆ, "ಅಣ್ಣಾ, ನಮಗೊಂದು ಮೋಟಾರ್ ಕೆಟ್ಟದಾಗಿ ಸುತ್ಕೊಡ್ಬೇಕು" ಎಂದಳು. ಚಿಕ್ಕಪ್ಪ ಕನ್ನಡಕ ಮೇಲೆತ್ತಿ ನೋಡಿ, "ಕೆಟ್ಟದಾಗಾ? ಅಂಗಾದ್ರೆ ನಮ್ಮ ಎದುರು ಅಂಗ್ಡೀಗೆ ಹೋಗಮ್ಮ, ಅವರು ಕೇಳ್ದೇನೇ ಮಾಡಿಕೊಡ್ತಾರೆ" ಎಂದ. ಪರದೆಯ ಹಿಂದೆ ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿನಿಂದಲೇ ಅಲ್ಲೊಬ್ಬಳು ಹುಡುಗಿ ಕೂತಿದ್ದಾಳೆಂದು ಪದ್ಮಶ್ರೀಗೆ ಗೊತ್ತಾದದ್ದು. ಪರದೆ ಸರಿಸಿ ನನ್ನ ಕೈಯಲ್ಲಿದ್ದ ತಂತಿ ನೋಡಿದಳು, ಪಕ್ಕದಲ್ಲಿದ್ದ ಹುಣಸೆ ಬೀಜಗಳನ್ನು ನೋಡಿದಳು. ಐವತ್ತು ಸುತ್ತಿಗೆ ಒಂದು ಬೀಜ ಇಟ್ಟು ಎಣಿಸುವ ನಿನ್ನ ಲೆಕ್ಕವನ್ನು ಹೇಳಿದೆ. "ಅಯ್ಯೋ, ಸುತ್ತೋಳು ನೀನಾ?" ಎಂದಳು. ಇಷ್ಟು ವರ್ಷದಲ್ಲಿ ಹೊರಗಿನವರೊಬ್ಬರು ಹಾಗೆ ಕೇಳಿದ್ದು ಅದೇ ಮೊದಲು. ಗಿರಾಕಿಗಳೆಲ್ಲ ಚಿಕ್ಕಪ್ಪನೇ ಸುತ್ತುತ್ತಾನೆ ಎಂದುಕೊಂಡಿದ್ದಾರೆ. ನಾನೂ ಹಾಗೇ ಇರಲಿ ಎಂದು ಬಿಟ್ಟಿದ್ದೆ.

ಅವರು ಕೇಳಿದ್ದು ಸುಲಭದ ಕೆಲಸ. ಎಲ್ಲ ಸುರುಳಿಗಳನ್ನೂ ಸರಿಯಾಗಿ ಸುತ್ತಿ, ಒಂದು ಸುರುಳಿಯಲ್ಲಿ ಮಾತ್ರ ಐದು ಸುತ್ತಿನ ಮೇಲಿನ ಲೇಪವನ್ನು ಕೆರೆದು ತಾಮ್ರಕ್ಕೆ ತಾಮ್ರ ತಾಗುವ ಹಾಗೆ ಬಿಡಬೇಕು, ಅಷ್ಟೇ. ಮತ್ತೆ ಬಿಚ್ಚುವುದಿರುವುದರಿಂದ ವಾರ್ನಿಷ್ ಸುರಿಯಬೇಡ ಎಂದರು. ನಾನು ಸುತ್ತಿದೆ. ಹೇಳಿದ ಜಾಗದಲ್ಲಿ ಕೆರೆದೆ. ಬತ್ತಲೆ ತಾಮ್ರ ಕಂಡ ಕೂಡಲೇ ನಿನ್ನ ಹೆಸರು ನೆನಪಾಯಿತು ಅಪ್ಪಾ. ಶ್ರೀರಾಮಪ್ಪನ ಅಂಗಡಿಯಿಂದ ಮತ್ತೊಂದು ಕೆಟ್ಟ ಮೋಟಾರ್ ಹೋಗುತ್ತದೆ, ಎಲ್ಲಿಯಾದರೂ ಯಾರಾದರೂ ಅದನ್ನು ಬಿಚ್ಚಿ ನೋಡಿ ನಗುತ್ತಾರೆ ಎಂದು ಅನ್ನಿಸಿತು. ಬೇಕೆಂದೇ ಮಾಡಿದ್ದು ಎಂದು ಮೋಟಾರಿನ ಮೇಲೆ ಬರೆದಿರುವುದಿಲ್ಲವಲ್ಲ. ಕೈ ಕೇಳಲಿಲ್ಲ. ಕರೆಂಟು ಹಾಯದ ವಾರ್ನಿಷ್ ಬಟ್ಟೆಯ ಸಣ್ಣ ಚೂರನ್ನು ಕತ್ತರಿಸಿ ಆ ಐದು ಸುತ್ತುಗಳ ನಡುವೆ ತೂರಿಸಿದೆ, ಮೇಲೆ ದಾರ ಬಿಗಿದೆ, ನಿನ್ನ ಮೂರು ಸುತ್ತಿನ ಗಂಟು ಹಾಕಿದೆ. ಮೋಟಾರ್ ಹೊಸದಕ್ಕಿಂತ ಚೆನ್ನಾಗಿ ಓಡಿತು.

ಅನಂತರ ನಡೆದದ್ದು ನೆನೆದರೆ ಈಗಲೂ ನಾಚಿಕೆ. ಆ ಮೋಟಾರಿಗೆ ಪೆಟ್ಟಿಗೆ ಕಟ್ಟಿದರೆ ಹಸಿರು ದೀಪವೇ ಉರಿಯುತ್ತಿತ್ತು. ಪೆಟ್ಟಿಗೆ ಸತ್ಯವನ್ನೇ ಹೇಳುತ್ತಿತ್ತು. ಪಾಪ, ಆ ಮಕ್ಕಳಿಗೇನು ಗೊತ್ತು? ತಮ್ಮ ಪೆಟ್ಟಿಗೆಯೇ ಸರಿಯಿಲ್ಲ ಎಂದುಕೊಂಡರು. ವೆಂಕಟ್ ತನ್ನ ಕಂಪ್ಯೂಟರಿನ ಬರಹವನ್ನೆಲ್ಲ ಎರಡು ಸಲ ಅಳಿಸಿ ಬರೆದ. ಅವರನ್ನು ನೋಡಿಕೊಳ್ಳುವ ಮೇಷ್ಟ್ರು ಅಮರನಾಥ್ ಸಾರ್, "ಕಡೇ ದಿನವೂ ಇದೇ ಹಸಿರು ತೋರಿಸಿದ್ರೆ ನಾನೂ ಏನೂ ಮಾಡೋಕಾಗಲ್ಲ, ಮುಂದಿನ ವರ್ಷ ನೋಡೋಣ" ಎಂದರಂತೆ. ಏಪ್ರಿಲ್ ಕೊನೆಯಲ್ಲಿ ಪದ್ಮಶ್ರೀ ತಮ್ಮ ತೋಟದ ಮಾವಿನಹಣ್ಣು ಹಿಡಿದು ಅಂಗಡಿಗೆ ಬಂದಳು. ಸ್ಟೂಲಿನ ಮೇಲೆ ಕೂತು, "ಗಂಗಾ, ನಿಜ ಹೇಳೇ, ನಿನ್ನ ಮೋಟಾರ್ ಸರಿಯಾಗಿ ಕೆಟ್ಟಿದೆ ತಾನೇ?" ಎಂದು ಕೇಳಿದಳು. ನಾನು ಹೌದೆಂದು ತಲೆಯಾಡಿಸಿದೆ. ಬಾಯಲ್ಲಿ ಸುಳ್ಳು ಹೇಳಲಿಲ್ಲ, ತಲೆಯಲ್ಲಿ ಹೇಳಿದೆ. ಅವಳು ಹೋದಮೇಲೆ ಆ ಹಣ್ಣನ್ನೆಲ್ಲ ಅಮ್ಮನಿಗೆ ಕೊಟ್ಟುಬಿಟ್ಟೆ, ನಾನು ಒಂದನ್ನೂ ತಿನ್ನಲಿಲ್ಲ. ಮೋಟಾರ್ ಬಿಚ್ಚಿ ನೋಡದೆ ನಿನ್ನ ಮೇಲೆ ತಪ್ಪು ಹೊರಿಸಿದ ಮುತ್ಯಾಲಮ್ಮನಿಗೂ, ಒಳಗೇನಿದೆ ಎಂದು ಗೊತ್ತಿದ್ದೂ ಆ ಮಕ್ಕಳೇ ತಪ್ಪು ಹೊರಲು ಬಿಟ್ಟ ನನಗೂ ಏನು ವ್ಯತ್ಯಾಸ? ನಾನೇ ಹೆಚ್ಚು ಕೆಟ್ಟವಳು ಅನ್ನಿಸಿತು.

ನಿನ್ನೆ ಗುರುವಾರ ಅವರ ಕಡೆಯ ಪರೀಕ್ಷೆ. ಚಿಕ್ಕಪ್ಪನಿಗೆ ಕೂಡ ಹೇಳದೆ ನಿನ್ನ ಚರ್ಮದ ಚೀಲದಲ್ಲಿ ಸ್ಪ್ಯಾನರು, ಕತ್ತರಿ, ದಾರ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ಕಾಲೇಜಿನ ಸಭಾಂಗಣದಲ್ಲಿ ಮೇಜಿಗೊಂದು ಪ್ರಾಜೆಕ್ಟ್ ಇತ್ತು. ಒಬ್ಬರದು ತಾನಾಗಿ ಬೀದಿದೀಪ ಹಚ್ಚುವ ಯಂತ್ರ, ಮತ್ತೊಬ್ಬರದು ಹಾಲು ಪರೀಕ್ಷಿಸಲು ಕ್ಯಾನಿನೊಳಗೆ ಇಳಿಬಿಡುವ ಒಂದು ಕಡ್ಡಿ, ಕ್ಯಾಲನೂರಿನ ಡೈರಿಗಂತೆ. ನಮ್ಮ ಮೇಜಿನ ಮುಂದೆ ಬೆಂಗಳೂರಿನಿಂದ ಬಂದ ಪರೀಕ್ಷಕರು ನಿಂತಿದ್ದರು, ನಿನ್ನ ವಯಸ್ಸಿನವರು. ದೀಪ ಹಸಿರಾಗಿತ್ತು. ವೆಂಕಟ್ ನೆಲ ನೋಡುತ್ತಿದ್ದ. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಆ ಮುಚ್ಚಳದ ಟಕ್ ಶಬ್ದ ಕೇಳಿದ್ದೇ ತಡ, ನನ್ನ ಬಾಯಿಂದ ಮಾತು ಬಂತು. "ಸಾರ್, ಬರೀಬೇಡಿ. ಪೆಟ್ಟಿಗೇದು ತಪ್ಪಲ್ಲ. ಮೋಟಾರ್ ಕೆಟ್ಟಿಲ್ಲ. ನಾನೇ ಚೆನ್ನಾಗಿ ಸುತ್ತಿಬಿಟ್ಟೆ." ಅಲ್ಲಿದ್ದವರೆಲ್ಲ ನಕ್ಕರು. ಪರೀಕ್ಷಕರು ಮಾತ್ರ ನಗಲಿಲ್ಲ. "ಕೆಟ್ಟದಾಗಿ ಮಾಡಿ ಕ್ಷಮೆ ಕೇಳೋರನ್ನ ದಿನಾ ನೋಡ್ತೀನಿ. ಚೆನ್ನಾಗಿ ಮಾಡಿ ಕೇಳೋಳು ನೀನೊಬ್ಬಳೇ. ಈಗ ಕೆಡಿಸೋಕಾಗತ್ತಾ?" ಎಂದರು. "ಅರ್ಧ ಗಂಟೆ ಕೊಡಿ ಸಾರ್" ಎಂದೆ. ಪದ್ಮಶ್ರೀ ನನ್ನ ಪಕ್ಕಕ್ಕೆ ಬಂದು ಕಿವಿಯಲ್ಲಿ, "ಮೊದ್ಲು ಕೆಡಿಸು, ಆಮೇಲೆ ನಿನ್ನ ಸಾಯಿಸ್ತೀನಿ" ಎಂದಳು.

ಅಷ್ಟು ಜನ ಸುತ್ತ ನಿಂತು ನೋಡುತ್ತಿದ್ದಾಗ ನಾನು ಕೆಲಸ ಮಾಡಿದೆ ಅಪ್ಪಾ, ಪರದೆಯಿಲ್ಲದೆ. ಮೋಟಾರಿನ ಮುಚ್ಚಳ ಬಿಚ್ಚಿದೆ, ನಿನ್ನ ಗಂಟನ್ನು ಕತ್ತರಿಸಿದೆ, ಬಟ್ಟೆಯ ಚೂರನ್ನು ಎಳೆದು ಮೇಜಿನ ಮೇಲಿಟ್ಟೆ, ಐದು ಸುತ್ತನ್ನು ಸೇರಿಸಿ ಬಿಗಿದೆ. ಇಪ್ಪತ್ತೆರಡು ನಿಮಿಷವಾಯಿತೆಂದು ಆಮೇಲೆ ಹೇಳಿದರು. ಸ್ವಿಚ್ ಹಾಕಿದರು. ಮೋಟಾರ್ ಎಂದಿನಂತೆಯೇ ತಿರುಗಿತು, ನೋಡುವವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ನನ್ನ ಕಿವಿಗೆ ಮಾತ್ರ ಒಳಗೊಂದು ಗುಂಯ್ ಎಂಬ ಸದ್ದು ಕೇಳಿಸಿತು. ಹಸಿರು ದೀಪ ಒಮ್ಮೆ ಮಿಟುಕಿತು, ಆರಿತು. ಕೆಂಪು ಹತ್ತಿತು! ವೆಂಕಟ್ ಮೇಜಿಗೆ ಗುದ್ದಿ ಕುಣಿದ. ಪದ್ಮಶ್ರೀ ನನ್ನನ್ನು ಸಾಯಿಸುವುದು ಮರೆತು ಅಪ್ಪಿಕೊಂಡಳು, ಅವಳ ಬಿಳಿ ಅಂಗಿಗೆಲ್ಲ ಗ್ರೀಸಾಯಿತು. ನಕ್ಕವರೇ ಚಪ್ಪಾಳೆ ಹೊಡೆದರು. ಆಮೇಲೆ ಪರೀಕ್ಷಕರು, "ಲೈನ್ ಹೋದರೆ?" ಎಂದು ಕೇಳಿದರು. ವೆಂಕಟ್ ಮೂರು ಫ್ಯೂಸಿನಲ್ಲಿ ಒಂದನ್ನು ಕಿತ್ತ. ಮೋಟಾರ್ ನಿಲ್ಲಲಿಲ್ಲ, ನರಳುತ್ತಾ ತಿರುಗಿತು, ಹಳದಿ ದೀಪ ಹತ್ತಿತು. ಕೂಡಲೇ ಆರಿಸಿದರು. ಹೀಗೇ ಓಡಲು ಬಿಟ್ಟರೆ ಎರಡು ಲೈನಿನ ಸುರುಳಿಗಳು ಕರಿಯಾಗುತ್ತವೆ, ಕರೆಂಟು ಹೋಗಿರುವ ಮೂರನೆಯದರವು ಹಾಗೇ ಹೊಳೆಯುತ್ತಿರುತ್ತವೆ, ಸುತ್ತುವವರ ತಪ್ಪಾದರೆ ಒಂದೇ ಜಾಗದಲ್ಲಿ ಸುಟ್ಟಿರುತ್ತದೆ ಎಂದು ಪದ್ಮಶ್ರೀ ಪಟ ತೋರಿಸಿ ಹೇಳಿದಳು. ನೀನು ನನಗೆ ಇದನ್ನು ಎಷ್ಟು ಸಲ ಹೇಳಿಕೊಟ್ಟಿದ್ದೀಯ! ಆ ಹಳದಿ ದೀಪ ನೋಡುತ್ತಾ ನನಗೆ ಬೈರಕೂರಿನ ಕೊಟ್ಟಿಗೆಯೇ ಕಣ್ಣಮುಂದೆ ಬಂತು.

ಅವರ ಪ್ರಾಜೆಕ್ಟಿಗೆ ವಿಭಾಗದಲ್ಲೇ ಮೊದಲ ಸ್ಥಾನ ಬಂದಿದೆ. ಪರೀಕ್ಷಕರು ಹೊರಡುವಾಗ ಆ ಬಟ್ಟೆಯ ಚೂರನ್ನು ಕೈಯಲ್ಲಿ ಹಿಡಿದು, "ಯಾರಮ್ಮ ನಿನಗೆ ಕಲಿಸಿದ್ದು?" ಎಂದರು. "ನಮ್ಮಪ್ಪ, ಮುಳಬಾಗಿಲು ಶ್ರೀರಾಮಪ್ಪ" ಎಂದು ಜೋರಾಗಿಯೇ ಹೇಳಿದೆ. ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವಳು ಎದ್ದು ಹೋಗಿ ಒಬ್ಬಟ್ಟಿಗೆ ಬೇಳೆ ಬೇಯಿಸಿದಳು. ಚಿಕ್ಕಪ್ಪ ಇವತ್ತು ಬೆಳಿಗ್ಗೆ ಪರದೆ ಬಿಚ್ಚಿ ಒಗೆಯಲು ಹಾಕಿದ್ದಾನೆ, ಒಣಗಿದರೂ ಮತ್ತೆ ಕಟ್ಟುವ ಹಾಗೆ ಕಾಣುವುದಿಲ್ಲ.

ಮೈ ನೋಡಿಕೋ. ಹೊತ್ತಿಗೆ ಸರಿಯಾಗಿ ಉಣ್ಣು. ಅಮ್ಮನೂ ಚಿಕ್ಕಪ್ಪನೂ ನಿನ್ನನ್ನು ಕೇಳಿದ್ದಾರೆ. ನಿನ್ನ ಆಶೀರ್ವಾದ ನನ್ನ ಎರಡು ಕೈಗಳ ಮೇಲಿರಲಿ.

ನಿನ್ನ ಮಗಳು,
ಗಂಗಾಲಕ್ಷ್ಮಿ

ಮರುಬರಹ: ಸೋಮವಾರ. ಅಂಟಿಸಿದ ಲಕೋಟೆ ಹರಿದು ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನ್ನೆ ಪದ್ಮಶ್ರೀಯನ್ನು ಕರೆದುಕೊಂಡು ಬೈರಕೂರಿಗೆ ಹೋಗಿದ್ದೆ. ಮುತ್ಯಾಲಮ್ಮನ ಎದುರು ನಿಂತು, "ನಾನು ಶ್ರೀರಾಮಪ್ಪನ ಮಗಳು, ಆ ಮೋಟಾರ್ ಬಿಚ್ಚಬೇಕು" ಎಂದೆ. "ಬಿಚ್ಚು, ಅದೇನೈತೋ ನೋಡೇಬಿಡಾನ" ಎಂದು ಕೊಟ್ಟಿಗೆಯ ಬಾಗಿಲು ತೆಗೆದಳು. ಬಿಚ್ಚಿದೆ ಅಪ್ಪಾ. ಎರಡು ಲೈನಿನ ಸುರುಳಿಗಳು ಇದ್ದಿಲು. ಮೂರನೆಯದರವು ನೀನು ಸುತ್ತಿದ ದಿನದ ಹಾಗೇ ಹೊಳೆಯುತ್ತಿವೆ, ನಿನ್ನ ಗಂಟೂ ಹಾಗೇ ಇದೆ. ಅವಳ ಅಳಿಯ ಶಿವಕುಮಾರ್ ತಲೆ ಕೆರೆದುಕೊಂಡು, "ಎರಡೇ ಲೈನ್ ಬಂದ್ರೂ ಓಡ್ಲಿ ಅಂತ, ಒಂದು ಲೈನ್ ಹೋದ್ರೆ ಮೋಟಾರ್ ನಿಲ್ಸೋಕೆ ಸ್ಟಾರ್ಟರಿನಾಗಿದ್ದ ಪ್ರಿವೆಂಟರ್ ತೆಗೆಸಿದ್ದೆ ಅತ್ತೆ" ಎಂದ. ಮುತ್ಯಾಲಮ್ಮ ಬಗ್ಗಿ ಆ ಗಂಟನ್ನು ಬೆರಳಿನಿಂದ ಮುಟ್ಟಿದಳು. "ಮೂರು ವರ್ಷ ಶ್ರೀರಾಮಪ್ಪನ್ನ ಬೈದಿದ್ದೆಲ್ಲಾ ಇವನಿಗೆ ಸೇರಬೇಕಿತ್ತು" ಎಂದಳು. ಆಮೇಲೆ ತಾನೇ ಆಟೋ ಕರೆಸಿ, ಮೋಟಾರ್ ಹೇರಿಸಿ, ನಮ್ಮ ಬೀದಿಗೆ ಬಂದು, ಅಂದು ನಿಂತಿದ್ದ ಜಾಗದಲ್ಲೇ ನಿಂತು, ಅಂದಿನಷ್ಟೇ ಜೋರಾಗಿ ಕೂಗಿದಳು: "ತಪ್ಪು ನಮ್ಮದು ಕಣ್ರಪ್ಪೋ! ಇದನ್ನ ಶ್ರೀರಾಮಪ್ಪನೇ ಸುತ್ತಬೇಕು, ಇನ್ಯಾರೂ ಮುಟ್ಟಂಗಿಲ್ಲ." ಮೋಟಾರ್ ನಿನ್ನ ಮೇಜಿನ ಮೇಲಿದೆ. ಹಳೆಯ ಸುತ್ತುಗಳನ್ನು ನಾನು ಎಣಿಸಿಲ್ಲ, ಅದನ್ನು ನಿನಗೇ ಬಿಟ್ಟಿದ್ದೇನೆ, ಹುಣಸೆ ಬೀಜದ ಡಬ್ಬಿಯನ್ನು ಮಾತ್ರ ತೊಳೆದು ಪಕ್ಕದಲ್ಲಿಟ್ಟಿದ್ದೇನೆ. ಯಾವ ಬಸ್ಸಿಗೆ ಬರುತ್ತೀಯೆಂದು ಫೋನ್ ಮಾಡು. ಈ ಸಲ ನಾನು ಮಾತಾಡುತ್ತೇನೆ.