ಅಕ್ಕಿ ಡಬ್ಬಿಯ ತಳದಲ್ಲಿ

ಅಮ್ಮ,

ನೀನು ತೀರಿಹೋದ ಮೇಲೆ ಮೊದಲ ಸಲ ಅಕ್ಕ ಇವತ್ತು ಸಿಡ್ನಿಯಿಂದ ಮೆಲ್ಬರ್ನ್‌ಗೆ, ನನ್ನ ಮನೆಗೆ ಬಂದಿದ್ದಳು. ಅನ್ನಕ್ಕಿಡೋಣ ಅಂತ ಅಕ್ಕಿ ಡಬ್ಬಿ ತೆಗೆದೆ. ಅಕ್ಕ ಅದನ್ನೇ ನೋಡುತ್ತಾ ಅಂದಳು: "ಲಿಹುವಾ, ಅಪ್ಪನ ಬೈಬಲ್ ಅಕ್ಕಿಯೊಳಗೆ ಬಚ್ಚಿಟ್ಟಿದೆ ಅಂತ ಆಗ ಅಮ್ಮ ನನಗೊಬ್ಬಳಿಗೇ ಹೇಳಿದ್ದಳು. ನಾನು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ ಕಣೇ."

ನನಗೊಬ್ಬಳಿಗೇ ಅಂತ ನನಗೂ ಹೇಳಿದ್ದೆಯಲ್ಲ! ನಾನೂ ಬಾಯಿ ಬಿಟ್ಟಿರಲಿಲ್ಲ. ಬೈಬಲ್ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದ ಕಾಲ ಅದು. ಆದರೂ ಕ್ರಾಂತಿ ಅಂತ ಚೀನಾದ ನಮ್ಮ ನಾನ್‌ಜಿಂಗ್ ಮನೆಗೆ ನುಗ್ಗಿದ ಹುಡುಗರು ನೇರವಾಗಿ ಅಕ್ಕಿಗೇ ಕೈ ಹಾಕಿದರು. ಅಪ್ಪನನ್ನು ಎಳೆದುಕೊಂಡು ಹೋದರು. ಅಕ್ಕ ಕದ್ದು ಕೇಳಿ ಅವರಿಗೆ ಹೇಳಿರಬೇಕು ಅಂತ ನಾನು ಅವಳ ಜೊತೆ ಮಾತೇ ಬಿಟ್ಟೆ. ನೀನು ಒಂದು ಸಲವೂ ಹಾಗೆ ಮಾಡಬೇಡ ಅನ್ನಲಿಲ್ಲ.

ಅಕ್ಕ ಇನ್ನೂ ಸುಳ್ಳು ಹೇಳುತ್ತಿರಬಹುದು. ಸುಳ್ಳೇ ಆಗಿರಲಿ, ಅಮ್ಮ. ಇಲ್ಲದಿದ್ದರೆ ಆ ಗುಟ್ಟು ಬಿಟ್ಟುಕೊಟ್ಟಿರಬಹುದಾದವರಲ್ಲಿ ಉಳಿಯುವವಳು ನೀನೊಬ್ಬಳೇ.